ಚಿಕ್ಕವ್ವನ ಹುತ್ತದ ಮುದುಕ

ನಮ್ಮ ಹಿತ್ತಿಲ ಹುತ್ತದಲ್ಲಿ ಯಾರಿದ್ದಾರೆ ಎಂಬ ವಿಷಯದಲ್ಲಿ ನಮ್ಮ ಮನೆಯ ಇಬ್ಬರು ಹೆಂಗಸರದು ಎರಡು ನಂಬಿಕೆ. ಅಜ್ಜಿಯ ಪ್ರಕಾರ ನಾಗಪ್ಪ. ಚಿಕ್ಕವ್ವನ ಪ್ರಕಾರ ಒಬ್ಬ ಮುದುಕ. ಏಳು ವರ್ಷ ಇಬ್ಬರೂ ಅದೇ ಹುತ್ತಕ್ಕೆ ತಲೆ ಬಾಗಿಸಿದರು. ತಾವು ಬೇರೆ ಬೇರೆಯವರಿಗೆ ಬಾಗುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಚಿಕ್ಕಪ್ಪ ಮತ್ತು ನಾನು. ಚಿಕ್ಕಪ್ಪ ನಕ್ಕು ಸುಮ್ಮನಾದ. ನಾನೂ ಬಾಯಿ ಬಿಡಲಿಲ್ಲ. ನನ್ನ ಬಾಯಿ ಎಂಥದ್ದು ಎಂದು ಬಲ್ಲವರು ಇದನ್ನು ನಂಬುವುದಿಲ್ಲ, ಆದರೆ ನಿಜ.

ನಮ್ಮದು ಮದ್ದೂರಿನಿಂದ ಎರಡು ಮೈಲಿ ದೂರದ ಹಳ್ಳಿ. ನನ್ನ ಹೆತ್ತವ್ವ ನಾನು ಮೂರು ವರ್ಷದವಳಿದ್ದಾಗ ತೀರಿಕೊಂಡಳು. ಮನೆಯಲ್ಲಿ ಇದ್ದವರು ಅಪ್ಪ, ಅಪ್ಪನ ತಾಯಿ, ನಾನು, ಮೂರೇ ಜನ. ಅಪ್ಪನ ತಮ್ಮ ಹದಿನೆಂಟನೇ ವಯಸ್ಸಿಗೆ ತಾತನ ಮೇಲೆ ಮುನಿಸಿಕೊಂಡು ಮದರಾಸಿಗೆ ಓಡಿಹೋಗಿ, ಹಡಗಿನಲ್ಲಿ ಕಲ್ಲಿದ್ದಲು ಎತ್ತಿ ಹಾಕುವ ಕೆಲಸ ಹಿಡಿದು, ಬಂದರಿನಿಂದ ಬಂದರಿಗೆ ಅಲೆದು, ಕಡೆಗೆ ಫಿಲಿಪೈನ್ಸ್ ದೇಶದ ಒಂದು ದ್ವೀಪದಲ್ಲಿ ಸಕ್ಕರೆ ಕಾರ್ಖಾನೆಯ ಫಿಟ್ಟರ್ ಆಗಿದ್ದ. ನಮ್ಮ ಮಂಡ್ಯದಲ್ಲೂ ಸಕ್ಕರೆ ಕಾರ್ಖಾನೆ ಆಗಿದೆ, ಕೆಲಸ ಬಲ್ಲವರಿಗೆ ಗಿರಾಕಿ ಇದೆ, ಬಾ ಎಂದು ಅಪ್ಪ ಕಾಗದ ಬರೆದ. ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ವರ್ಷ, ಅಂದರೆ ಮೂವತ್ತೆಂಟರಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ಚಿಕ್ಕಪ್ಪ ಮದ್ದೂರು ಸ್ಟೇಷನ್ನಿನಲ್ಲಿ ಇಳಿದ. ಜೊತೆಯಲ್ಲಿ ಹೆಂಡತಿ ಇದ್ದಳು. ಆ ಸಂಗತಿಯನ್ನು ಅವನು ಕಾಗದದಲ್ಲಿ ಬರೆದಿರಲಿಲ್ಲ.

ಕುಳ್ಳಗೆ, ದುಂಡು ಮುಖ, ಗೋಧಿ ಬಣ್ಣ, ಬಿಚ್ಚಿದರೆ ಮಂಡಿಗೆ ಬರುವ ನೇರ ಕೂದಲು. ಅಜ್ಜಿ ಅವಳನ್ನು ಮೇಲಿಂದ ಕೆಳಕ್ಕೆ ಒಂದು ಸಲ ನೋಡಿ ಬಾಗಿಲು ಹಾಕಿಕೊಂಡಳು. ಮಗ ಬೇಕು, ಅವನು ಕಟ್ಟಿಕೊಂಡು ಬಂದದ್ದು ಬೇಡ. ಮೂರು ದಿನ ಗಂಡ ಹೆಂಡತಿ ಇಬ್ಬರೂ ಬೀದಿ ಜಗುಲಿಯ ಮೇಲೆಯೇ ಇದ್ದರು. ಊರಿನವರು ಕೆಲಸ ಬಿಟ್ಟು ಬಂದು ನೋಡಿಕೊಂಡು ಹೋದರು. ನನಗೆ ಆಗ ಹತ್ತು ವರ್ಷ. ನಾನು ಒಳಗಿನಿಂದ ಮುದ್ದೆ ಕದ್ದು ಕೊಟ್ಟೆ. ಆಕೆ ಮುದ್ದೆಯನ್ನು ಕಚಕಚ ಅಗಿದಳು. ಅಗಿಯಬಾರದು, ನುಂಗಬೇಕು ಎಂದು ಕೈಸನ್ನೆಯಲ್ಲಿ ತೋರಿಸಿಕೊಟ್ಟೆ. ಅವಳು ನುಂಗಿದಳು, ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು, ಆದರೂ ನಕ್ಕಳು. ನಾನು ಅವಳನ್ನು ಅಲ್ಲೇ ನನ್ನವಳು ಮಾಡಿಕೊಂಡೆ.

ನಾಲ್ಕನೇ ದಿನ ಬೆಳಿಗ್ಗೆ ಅವಳು ಬಾವಿಗೆ ಹೋಗುವಾಗ ಹಿತ್ತಿಲ ಹುತ್ತ ಕಂಡಳು. ಆಳೆತ್ತರದ ಹುತ್ತ, ಬೇಲಿಯ ಪಕ್ಕದಲ್ಲಿತ್ತು. ಅವಳು ಗಕ್ಕನೆ ನಿಂತಳು. ಬೆನ್ನು ಬಾಗಿಸಿ, ಬಲಗೈಯನ್ನು ಮುಂದಕ್ಕೆ ಚಾಚಿ ನೆಲದ ಕಡೆ ಇಳಿಸಿ, ‘ತಾಬಿ, ತಾಬಿ’ ಎಂದು ಮೆಲ್ಲಗೆ ಹೇಳಿ, ಹುತ್ತಕ್ಕೆ ಬೆನ್ನು ತೋರಿಸದೆ ಬಳಸಿಕೊಂಡು ಹೋದಳು. ಅಜ್ಜಿ ಹಿತ್ತಿಲ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು. ಪ್ರತಿ ಷಷ್ಠಿಗೆ ಆ ಹುತ್ತಕ್ಕೆ ತಪ್ಪದೆ ತನಿ ಎರೆಯುವವಳು ಅಜ್ಜಿ. ತನಿ ಎಂದರೆ ಹಾಲು ತುಪ್ಪ. ತಾನೇ ಸೋಮವಾರ ಶುಕ್ರವಾರ ನೋಡಿ ಕೈಮುಗಿಯುವ ಜಾಗಕ್ಕೆ ಈ ಪರದೇಶದವಳು ಹೋಗುವಾಗ ಬರುವಾಗ ಬಾಗುತ್ತಾಳಲ್ಲ ಎಂದು ಅಜ್ಜಿಯ ಮನಸ್ಸು ಅಲ್ಲಾಡಿತು.

“ಒಳೀಕ್ ಬಾ ಕಣಮ್ಮ,” ಅಂದಳು. “ನಾಗಪ್ಪಂಗೆ ತಲೆ ಬಾಗ್ಸೋಳು ಬೀದೀಲಿ ಯಾಕ್ ಕುಂತಿರ್ಬೇಕು?”

ಅದೇ ವಾರ ವೈದ್ಯನಾಥಪುರದ ಗುಡಿಯಲ್ಲಿ ಇನ್ನೊಂದು ಸಲ ತಾಳಿ ಕಟ್ಟಿಸಿ, ತಾನೇ ನಿಂತು ಹಣೆಗೆ ಕುಂಕುಮ ಇಡಿಸಿದಳು. ಅವರ ಊರಿನಲ್ಲಿ ಒಂದು ಸಲ ಮದುವೆ ಆಗಿತ್ತು, ಕೊರಳಲ್ಲಿ ಸಣ್ಣ ಶಿಲುಬೆಯೂ ಇತ್ತು. ಅದು ಇದ್ದರೆ ಇರಲಿ, ಪಕ್ಕದಲ್ಲಿ ಇದೂ ಇರಲಿ ಎಂದಳು ಅಜ್ಜಿ. ಚಿಕ್ಕಪ್ಪ ಮಂಡ್ಯಕ್ಕೆ ಕೆಲಸಕ್ಕೆ ಹೋಗಿ ಬರತೊಡಗಿದ. ಚಿಕ್ಕವ್ವ ನಮ್ಮ ಮನೆಯವಳಾದಳು.

ಮಧ್ಯಾಹ್ನ ಅವರೆಕಾಯಿ ಬಿಡಿಸುವಾಗ ಅವಳು ತನ್ನ ದೇವರುಗಳ ಸುದ್ದಿ ಹೇಳುತ್ತಿದ್ದಳು. ಮೊದಲ ವರ್ಷ ಅರ್ಧ ಕೈಸನ್ನೆ. ಎರಡನೇ ವರ್ಷದಿಂದ ಅಪ್ಪಟ ನಮ್ಮೂರ ಕನ್ನಡ, ಅಜ್ಜಿಯ ಬಾಯಿಂದ ಕಲಿತದ್ದು, ಆದ್ದರಿಂದ ಬೈಗುಳ ಸಮೇತ. ಶಿಲುಬೆಯ ದೇವರು ಭಾನುವಾರಕ್ಕಂತೆ. ವಾರದ ಉಳಿದ ಆರು ದಿನಕ್ಕೆ ಅವಳ ಅಜ್ಜಿ ಪರಿಚಯ ಮಾಡಿಕೊಟ್ಟ ಹಳಬರು ಇದ್ದರು. ಮರದಲ್ಲಿ, ಬಂಡೆಯಲ್ಲಿ, ಹೊಳೆಯಲ್ಲಿ ಇರುವ ಇವರನ್ನು ಅವರ ಕಡೆ ದಿವಾತಾ ಎಂದು ಕರೆಯುತ್ತಾರಂತೆ. ಅದು ಕೇಳಿ ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. ದೇವತೆ ಅನ್ನದೆ ಇನ್ನೇನು ಅಂದಾರು ಎಂದಳು.

ಅವರ ದ್ವೀಪದ ನಡುವೆ ಬೆಂಕಿ ಉಗುಳುವ ಬೆಟ್ಟವಿದೆ. ಅದರ ಹೊಟ್ಟೆಯಲ್ಲಿ ಲಲಾಹೊನ್ ಎಂಬ ಹೆಣ್ಣುದೇವತೆ ಇದ್ದಾಳೆ. ಪೈರು ಕೊಡುವವಳೂ ಅವಳೇ, ಸಿಟ್ಟು ಬಂದರೆ ಮಿಡತೆ ಬಿಟ್ಟು ಪೈರು ಮೇಯಿಸುವವಳೂ ಅವಳೇ. ಅಜ್ಜಿ ಅವಳ ಬಗ್ಗೆ ಬಹಳ ವಿಚಾರಿಸಿಕೊಂಡಳು. ಏನು ಕೊಟ್ಟರೆ ಒಲಿಯುತ್ತಾಳೆ, ಕೋಳಿಯೋ ಹಂದಿಯೋ, ಮೈಮೇಲೆ ಬರುತ್ತಾಳೋ ಇಲ್ಲವೋ. ಎಲ್ಲ ಕೇಳಿಯಾದ ಮೇಲೆ, ಇವಳು ನಮ್ಮ ಮಾರಮ್ಮನ ತಂಗಿಯೇ ಇರಬೇಕು, ಯಾರೋ ಸಮುದ್ರದ ಆಚೆ ಕೊಟ್ಟುಬಿಟ್ಟಿದ್ದಾರೆ, ಪಾಪ, ತವರಿಗೆ ಬರಲಾಗಿಲ್ಲ ಎಂದು ತೀರ್ಮಾನ ಕೊಟ್ಟಳು. ದೊಡ್ಡ ಮರದ ಕೊಂಬೆಯ ಮೇಲೆ ಕೂತು ಚುಟ್ಟ ಸೇದುವ ಕಪ್ರೆ ಎಂಬ ಕರಿಯ ಭೂತವೂ ಇತ್ತು. ನಮ್ಮ ಮುನೇಶ್ವರನಿಗೂ ಚುಟ್ಟ ಇಡುತ್ತೇವೆ, ಅದೇನು ದೊಡ್ಡದು ಎಂದಳು ಅಜ್ಜಿ. ಆದರೆ ಮರದ ಮೇಲೆ ಅವನಿಗೆ ಬೆಂಕಿಕಡ್ಡಿ ಕೊಡುವವರು ಯಾರು ಎಂದು ಕೇಳಿದಳು. ಇಷ್ಟು ದಿನ ತಾನು ಅದನ್ನು ಯೋಚಿಸಿಯೇ ಇಲ್ಲವಲ್ಲ ಎಂದು ಚಿಕ್ಕವ್ವ ಆ ದಿನವೆಲ್ಲ ಮುಖ ಸಪ್ಪಗೆ ಮಾಡಿಕೊಂಡಿದ್ದಳು.

ಗ್ರಹಣದ ಸಂಜೆ ಮಾತ್ರ ದೊಡ್ಡ ಜಗಳವೇ ಆಯಿತು. ಚಂದ್ರ ಹುಟ್ಟುವಾಗಲೇ ಹಿಡಿದುಕೊಂಡಿತ್ತು. ನಮ್ಮಲ್ಲಿ ಗ್ರಹಣ ಎಂದರೆ ಒಲೆ ಆರಿಸಿ, ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿ, ಅದು ತಾನಾಗಿ ಬೀಳುವವರೆಗೆ ಸದ್ದಿಲ್ಲದೆ ಕೂತಿರಬೇಕು. ಅವರಲ್ಲಿ ಹಾಗಲ್ಲ. ಮೊದಲು ಏಳು ಚಂದ್ರರಿದ್ದರಂತೆ. ಸಮುದ್ರದಲ್ಲಿರುವ ಬಕುನಾವ ಎಂಬ ಹಾವು, ಅವರ ಚಂದಕ್ಕೆ ಮರುಳಾಗಿ, ಮೇಲೆದ್ದು ಆರು ಜನರನ್ನು ನುಂಗಿಬಿಟ್ಟಿತಂತೆ. ಉಳಿದವನೊಬ್ಬನನ್ನು ಉಳಿಸಿಕೊಳ್ಳಬೇಕಾದರೆ ಪಾತ್ರೆ ಬಡಿದು ಅದನ್ನು ಹೆದರಿಸಿ ಉಗುಳಿಸಬೇಕು. ಚಿಕ್ಕವ್ವ ಅಂಗಳಕ್ಕೆ ಹೋಗಿ ನಮ್ಮ ಹಿತ್ತಾಳೆ ಹಂಡೆಯನ್ನು ಸೌಟಿನಿಂದ ಬಡಿಯತೊಡಗಿದಳು. ಎಲ್ಲೋ ಬೆಂಕಿ ಬಿದ್ದಿದೆ ಎಂದು ಜನ ಕೊಡ ಹಿಡಿದುಕೊಂಡು ಓಡಿ ಬಂದರು. ಅಜ್ಜಿ ಒಳಗಿನಿಂದ ಬೈಯುತ್ತಾಳೆ, ಚಿಕ್ಕವ್ವ ಹೊರಗೆ ಬಡಿಯುತ್ತಾಳೆ, ಚಿಕ್ಕಪ್ಪ ಇಬ್ಬರ ನಡುವೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಚಂದ್ರ ಬಿಟ್ಟ ಮೇಲೆ ಅದು ಒನಕೆಯಿಂದ ಎಂದು ಅಜ್ಜಿ, ಹಂಡೆಯಿಂದ ಎಂದು ಚಿಕ್ಕವ್ವ. ಆ ವ್ಯಾಜ್ಯ ಕಡೆಯವರೆಗೂ ಇತ್ಯರ್ಥವಾಗಲಿಲ್ಲ, ಹಂಡೆಯ ತಗ್ಗು ಮಾತ್ರ ಹಾಗೆಯೇ ಉಳಿಯಿತು.

ಹುತ್ತದ ಮುದುಕನ ವಿಷಯ ಚಿಕ್ಕಪ್ಪನಿಗೆ ಆ ದೇಶದಲ್ಲಿದ್ದಾಗಲೇ ಗೊತ್ತಿತ್ತು, ನಮ್ಮ ಮನೆಯಲ್ಲಿ ಅವಳು ಹೇಳಿದ್ದು ನನಗೊಬ್ಬಳಿಗೇ. ಹುತ್ತ ಎಂದರೆ ಅವರ ಕಡೆ ಒಬ್ಬ ಪುಟ್ಟ ಮುದುಕನ ಮನೆ. ಮೊಣಕಾಲೆತ್ತರ, ಉದ್ದ ಗಡ್ಡ, ಬಲು ಮುಂಗೋಪಿ. ಪಕ್ಕದಲ್ಲಿ ಹಾಯುವಾಗ ಅಪ್ಪಣೆ ಕೇಳಬೇಕು. ‘ತಾಬಿ’ ಎಂದರೆ ಅದೇ, ಸ್ವಲ್ಪ ಜರುಗಿ, ಹಾಯ್ದು ಹೋಗುತ್ತೇನೆ ಎಂದು. ಕೇಳದೆ ತುಳಿದರೆ ಕಾಲು ಊದಿಸುತ್ತಾನೆ. ಅವನಿಗೆ ಎಡೆ ಇಡುವುದಾದರೆ ಉಪ್ಪು ಹಾಕದ ಅನ್ನ ಇಡಬೇಕು, ಉಪ್ಪು ಅವನಿಗೆ ಆಗುವುದಿಲ್ಲ. ಇನ್ನು ಅವನ ಮನೆಯನ್ನೇ ಒಡೆದರೆ, ಒಡೆದವಳಿಗಲ್ಲ, ಅವಳು ಯಾರ ದಾರಿ ಕಾಯುತ್ತಿದ್ದಾಳೋ ಅವರಿಗೆ ಕೇಡು ಎಂದು ಅವಳ ಅಜ್ಜಿ ಹೇಳಿದ್ದಳಂತೆ. ಇಷ್ಟು ಹೇಳಿ ಚಿಕ್ಕವ್ವ, ಅತ್ತೆ ಎಷ್ಟು ಒಳ್ಳೆಯವರು ನೋಡು, ಆ ಮುದುಕನಿಗೆ ಹಾಲು ಕೊಡುತ್ತಾರೆ, ನಮ್ಮೂರಲ್ಲಿ ಯಾರೂ ಅಷ್ಟು ಮಾಡುವುದಿಲ್ಲ ಎಂದಳು. ಹಾಲು ಹಾವಿಗೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅತ್ತೆ ಸೊಸೆ ಒಂದೇ ಹುತ್ತದ ಮುಂದೆ ನಿಂತಿದ್ದಾರೆ, ಹಾಗೇ ನಿಂತಿರಲಿ ಎಂದುಕೊಂಡೆ.

ಅವಳು ಬಂದ ಮೂರನೇ ವರ್ಷ ಅವಳ ತಾಯಿಗೆ ಕಾಯಿಲೆ ಎಂದು ಕಾಗದ ಬಂತು. ಚಿಕ್ಕವ್ವ ಆಗಷ್ಟೇ ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡು ಹಾಸಿಗೆ ಹಿಡಿದಿದ್ದಳು. ಹಡಗಿನ ಪ್ರಯಾಣ ಸಾಧ್ಯವಿರಲಿಲ್ಲ. ನಾನು ಹೋಗಿ ನೋಡಿ ಬರುತ್ತೇನೆ, ಸಾಧ್ಯವಾದರೆ ಕರೆದುಕೊಂಡೇ ಬರುತ್ತೇನೆ ಎಂದು ಚಿಕ್ಕಪ್ಪ ಹೊರಟ. ತಲುಪಿದೆ ಎಂದು ಒಂದು ಕಾಗದ ಬಂತು. ಅದಾದ ಕೆಲವು ತಿಂಗಳಿಗೆ ಜಪಾನಿನವರು ಆ ದೇಶದ ಮೇಲೆ ಬಿದ್ದರು. ಅಲ್ಲಿಂದ ಮುಂದೆ ಕಾಗದವಿಲ್ಲ, ಸುದ್ದಿಯಿಲ್ಲ. ಅಪ್ಪ ವಾರಕ್ಕೊಮ್ಮೆ ಮದ್ದೂರಿನ ಪೋಸ್ಟಾಫೀಸಿಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದ. ಚಿಕ್ಕವ್ವ ಅವನ ಕೈ ನೋಡುತ್ತಿದ್ದಳು ಅಷ್ಟೇ. ನಾಲ್ಕು ವರ್ಷ ಹೀಗೇ ಕಳೆಯಿತು. ಸೀಮೆಎಣ್ಣೆ ಸಿಗದ ಕಾಲ, ಬಟ್ಟೆ ಸಿಗದ ಕಾಲ. ಅವಳು ಮಾತ್ರ ದಿನಾ ಮಿಂದು, ತಲೆ ಬಾಚಿ, ಹಣೆಗೆ ಕಾಸಗಲ ಕುಂಕುಮ ಇಡುತ್ತಿದ್ದಳು. ಊರಿನ ಹೆಂಗಸರು ಆ ಕುಂಕುಮವನ್ನೇ ನೋಡತೊಡಗಿದರು.

ಅಷ್ಟರಲ್ಲಿ ನನಗೆ ಮಳವಳ್ಳಿಯ ಗಂಡು ಗೊತ್ತಾಯಿತು. ನಮ್ಮ ಕಡೆ ಚಪ್ಪರದ ದಿನ ಐದು ಜನ ಮುತ್ತೈದೆಯರು ಹೋಗಿ ಹುತ್ತದ ಮಣ್ಣು ತರುತ್ತಾರೆ. ಆ ಮಣ್ಣು ಕಲಸಿ ಹಸೆಜಗುಲಿ ಹಾಕಬೇಕು, ಅದರ ಮೇಲೆಯೇ ಹೆಣ್ಣು ಗಂಡು ಕೂರಬೇಕು. ಹುತ್ತಕ್ಕೆ ಮೊದಲ ಗುದ್ದಲಿ ಹಾಕುವವಳು ಹೆಣ್ಣಿನ ತಾಯಿ. ನನಗೆ ತಾಯಿ ಎಂದರೆ ಚಿಕ್ಕವ್ವ. ಗಂಡಿನ ಸೋದರತ್ತೆಯನ್ನು ನಮ್ಮ ಬೀದಿಗೇ ಕೊಟ್ಟಿತ್ತು, ಮಳವಳ್ಳಿಯವರ ಮಾತೆಲ್ಲ ಅವಳ ಬಾಯಲ್ಲೇ ನಮಗೆ ಬರುತ್ತಿತ್ತು. ಅವಳು ಬಂದು ಕೂತು, ಎಲೆಯಡಿಕೆ ಹಾಕಿಕೊಂಡು, ಹುಡುಗಿಯ ಮೇಲೆ ನಮಗೆ ಏನೂ ಇಲ್ಲ, ಆದರೆ ಗಂಡ ಇದ್ದಾನೋ ಇಲ್ಲವೋ ಗೊತ್ತಿಲ್ಲದವಳ ಕೈಯಿಂದ ಮಣ್ಣು ತೆಗೆಸಬಾರದು ಎಂದಳು. ನಾಲ್ಕು ವರ್ಷ ಸುದ್ದಿ ಇಲ್ಲದ ಮೇಲೆ ಕರ್ಮ ಮಾಡಿ, ಕುಂಕುಮ ಅಳಿಸಿ, ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳುವುದು ಮೇಲು ಎಂದೂ ಸೇರಿಸಿದಳು.

ಅಪ್ಪ ಮೆತ್ತಗಿನ ಮನುಷ್ಯ, ಅಲುಗಾಡಿದ. ಪಕ್ಕದ ಮನೆಯಾಕೆಯಿಂದ ಮಾಡಿಸಿದರಾಯಿತು ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಹಸೆಯ ಮೇಲೆ ಪಕ್ಕದ ಮನೆಯಾಕೆಯನ್ನೇ ಕೂರಿಸಿ, ನಾನು ಕೂರುವುದಿಲ್ಲ ಎಂದು ಅಡಿಗೆಮನೆ ಬಾಗಿಲು ಹಾಕಿಕೊಂಡೆ. ಎರಡು ಹೊತ್ತು ಮನೆಯಲ್ಲಿ ಒಲೆ ಉರಿಯಲಿಲ್ಲ. ಕಡೆಗೆ ಅಜ್ಜಿಯೇ ಬಾಯಿ ಬಿಟ್ಟಳು. ಅವಳ ಕುಂಕುಮ ಅಳಿಸು ಎಂದರೆ ನನ್ನ ಮಗ ಸತ್ತ ಎಂದು ನಾನೇ ಸಾರಿದಂತೆ. ಹೆತ್ತವಳು ನಾನು ಇನ್ನೂ ಹಾಗೆ ಅಂದಿಲ್ಲ, ಮಿಕ್ಕವರು ಯಾರು ಅನ್ನಲು ಎಂದಳು. ಮೊದಲ ಗುದ್ದಲಿ ಸೊಸೆಯದೇ ಎಂದು ಆಯಿತು.

ಗೆದ್ದ ಖುಷಿಯಲ್ಲಿ ನಾನು ಚಿಕ್ಕವ್ವನಿಗೆ ಹೇಳಲು ಓಡಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೇಳಿ ಅವಳ ಮುಖದ ರಕ್ತ ಇಳಿದುಹೋಯಿತು. ನಾನು ಎಂಥ ದಡ್ಡಿ ಎಂದರೆ, ಸಂತೋಷಕ್ಕೆ ಇರಬೇಕು ಎಂದುಕೊಂಡೆ.

ಚಪ್ಪರದ ದಿನ ನನಗೆ ಅರಿಸಿನ ಹಚ್ಚಿ ಒಳಗೆ ಕೂರಿಸಿದ್ದರು. ವಾಲಗದವರು ಹಿತ್ತಿಲಿಗೆ ಹೋದರು, ಹೆಂಗಸರು ಹಿಂದೆ ಹೋದರು. ಸ್ವಲ್ಪ ಹೊತ್ತಿಗೆ ವಾಲಗ ನಿಂತಿತು. ನಿಲ್ಲಬಾರದ ಕಡೆ ನಿಂತಿತಲ್ಲ ಎಂದು ನಾನು ಹಿತ್ತಿಲ ಬಾಗಿಲಿಗೆ ಬಂದೆ. ಹುತ್ತಕ್ಕೆ ಪೂಜೆ ಆಗಿತ್ತು. ಚಿಕ್ಕವ್ವನ ಕೈಗೆ ಗುದ್ದಲಿ ಕೊಟ್ಟಿದ್ದರು. ಅವಳು ಅದನ್ನು ಎತ್ತದೆ, ಎದೆಗೆ ಅವಚಿಕೊಂಡು ನಿಂತಿದ್ದಳು. ಒಬ್ಬರು ಹಾಕವ್ವ ಎಂದರು, ಇನ್ನೊಬ್ಬರು ಹೊತ್ತು ಮೀರುತ್ತದೆ ಎಂದರು. ಅವಳು ಗುದ್ದಲಿಯನ್ನು ಕೆಳಗಿಟ್ಟು ಹಿಂದೆ ಸರಿದಳು.

“ಅವ್ಳಿಗೇ ಗೊತ್ತು ಕಣ್ರವ್ವ,” ಎಂದಳು ಸೋದರತ್ತೆ. “ಗಂಡ ಇಲ್ಲ ಅಂತ ಅವ್ಳ್ ಮನ್ಸಿಗೇ ಗೊತ್ತು. ಅದ್ಕೇ ಕೈ ಏಳ್ತಾ ಇಲ್ಲ.”

ಅಲ್ಲಿದ್ದ ಹೆಂಗಸರೆಲ್ಲರ ಕಣ್ಣು ಅಜ್ಜಿಯ ಕಡೆ ತಿರುಗಿತು. ಅಜ್ಜಿಯ ಮುಖ ಬಿಳಿಚಿಕೊಂಡಿತ್ತು. ಅಷ್ಟು ಹೊತ್ತಿಗೆ ನನ್ನ ತಲೆಗೆ ಹೊಳೆಯಿತು. ಗುದ್ದಲಿ ಹಾಕಿದರೆ ಮುದುಕನ ಮನೆ ಒಡೆದಂತೆ, ಅದರ ಕೇಡು ಅವಳು ದಾರಿ ಕಾಯುತ್ತಿರುವವನಿಗೆ. ಹಾಕದಿದ್ದರೆ ಊರಿನ ಬಾಯಲ್ಲಿ ಅವನು ಈಗಲೇ ಸತ್ತ. ಎರಡು ಕಡೆಯೂ ಅವಳಿಗೆ ಅವನದೇ ಪ್ರಾಣ. ನಾನು ಮೈಗೆ ಹಚ್ಚಿದ ಅರಿಸಿನ ಸಮೇತ ಅಂಗಳಕ್ಕೆ ಇಳಿದೆ. ಮದುವೆಯ ಹೆಣ್ಣು ಹೊರಗೆ ಬರಬಾರದು ಎಂದು ಯಾರೋ ಕೂಗಿದರು. ನಾನು ಕೇಳಲಿಲ್ಲ. ಅಜ್ಜಿಯ ಮುಂದೆ ನಿಂತು ಏಳು ವರ್ಷ ಬಾಯೊಳಗೆ ಇಟ್ಟುಕೊಂಡಿದ್ದನ್ನೆಲ್ಲ ಹೇಳಿಬಿಟ್ಟೆ. ಅವಳು ಬಾಗುತ್ತಿದ್ದುದು ನಾಗಪ್ಪನಿಗೆ ಅಲ್ಲ, ಹುತ್ತದೊಳಗಿನ ಒಬ್ಬ ಮುದುಕನಿಗೆ, ತುಳಿದವರ ಕಾಲು ಊದಿಸುವವನಿಗೆ. ಅವನ ಮನೆಗೆ ಪೆಟ್ಟು ಹಾಕಿದರೆ ಚಿಕ್ಕಪ್ಪನಿಗೆ ಏನಾದರೂ ಆದೀತು ಎಂದು ಅವಳ ಹೆದರಿಕೆ. ಅದಕ್ಕೇ ಕೈ ಏಳುತ್ತಿಲ್ಲ, ಬೇರೆ ಯಾತಕ್ಕೂ ಅಲ್ಲ.

ನಾಗಪ್ಪನ ಹೆಸರಿನಲ್ಲಿ ಒಳಗೆ ಕರೆಸಿಕೊಂಡ ಸೊಸೆ ನಾಗಪ್ಪನಿಗೆ ಬಾಗಿಯೇ ಇಲ್ಲ ಎಂದು ಅಜ್ಜಿಗೆ ಗೊತ್ತಾದದ್ದು ಆಗ. ಅವಳು ಏನು ಅನ್ನುತ್ತಾಳೋ ಎಂದು ನಾನು ಅವಳ ಬಾಯನ್ನೇ ನೋಡಿದೆ. ಅವಳು ಹುತ್ತವನ್ನು ನೋಡಿದಳು, ಸೊಸೆಯನ್ನು ನೋಡಿದಳು. ಆ ಮುದುಕನಿಗೆ ವಯಸ್ಸೆಷ್ಟು ಎಂದು ಕೇಳಿದಳು. ಬಹಳ ಎಂದಳು ಚಿಕ್ಕವ್ವ, ಅಳುತ್ತಾ. ಅಜ್ಜಿ ಅವನಿಗೆ ಏನು ಇಡಬೇಕು ಎಂದು ಕೇಳಿ, ಉಪ್ಪಿಲ್ಲದ ಅನ್ನ ತರಿಸಿ, ಚಿಕ್ಕವ್ವ ಹೇಳಿಕೊಟ್ಟ ಹಾಗೆ ಎಲೆಯ ಮೇಲೆ ಇಟ್ಟಳು. ಆಮೇಲೆ ಮಂಡಿಯ ಮೇಲೆ ಕೈಯೂರಿ, ಮುಲುಗುತ್ತಾ, ಹುತ್ತದ ಬಾಯಿಗೆ ಸರಿಯಾಗಿ ನೆಲದ ಮೇಲೆ ಕೂತಳು.

“ನೋಡಪ್ಪ, ನಾನೂ ಮುದ್ಕಿ, ನೀನೂ ಮುದ್ಕ,” ಎಂದಳು. “ನಮ್ ಮಗೀಗ್ ಮದ್ವೆ. ನಿನ್ ಮನೆ ಕೆಡವಾಕಿಲ್ಲ, ಒಂದ್ ಬೊಗ್ಸೆ ಮಣ್ ಕೊಡು ಸಾಕು. ಸಿಟ್ ಬಂದ್ರೆ ನನ್ ಕಾಲ್ ಊದ್ಸು. ನನ್ ಮಗುನ್ ತಂಟೆಗ್ ಓಗ್ಬ್ಯಾಡ.”

ಯಾರೂ ನಗಲಿಲ್ಲ. ಅಜ್ಜಿ ಎದ್ದು ಗುದ್ದಲಿಯನ್ನು ಸೊಸೆಯ ಕೈಗೆ ಕೊಟ್ಟು, ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಅಜ್ಜಿಯದು ವಿಧವೆಯ ಕೈ ಎಂದು ಸೋದರತ್ತೆ ಬಾಯಿ ತೆರೆದಳು. ಅಜ್ಜಿ ಅವಳನ್ನು ಒಂದು ನೋಟ ನೋಡಿದಳು, ಆ ಬಾಯಿ ಮುಚ್ಚಿಕೊಂಡಿತು. ಇಬ್ಬರೂ ಸೇರಿ ಹುತ್ತದ ಬುಡದಲ್ಲಿ, ಒಳಗೆ ಮಲಗಿದವರನ್ನು ಎಬ್ಬಿಸದ ಹಾಗೆ, ಮೆಲ್ಲಗೆ ಒಂದು ಹೆಂಟೆ ಮಣ್ಣು ತೆಗೆದರು. ಆ ಮಣ್ಣಿನ ಹಸೆಯ ಮೇಲೆ ನನ್ನ ಮದುವೆ ಆಯಿತು.

ಮದುವೆ ಆದ ಮಾರನೆಯ ದಿನ ಅಜ್ಜಿಯ ಬಲಗಾಲು ನಿಜವಾಗಿಯೂ ಊದಿಕೊಂಡಿತು. ಎಪ್ಪತ್ತು ದಾಟಿದವಳು ಮೂರು ದಿನ ಕೂರದೆ ಓಡಾಡಿದ್ದಳು, ಊದದೆ ಇನ್ನೇನು. ಆದರೆ ಸೊಸೆ ಕಂಡರೆ ಹೆದರಿಕೊಳ್ಳುತ್ತಾಳೆ ಎಂದು ಸೀರೆಯ ಅಂಚನ್ನು ನೆಲಕ್ಕೆ ಬಿಟ್ಟುಕೊಂಡು ನಡೆದಳು. ಕೋಣೆಯ ಬಾಗಿಲು ಹಾಕಿ ನನ್ನ ಕೈಯಲ್ಲಿ ಹರಳೆಣ್ಣೆ ತಿಕ್ಕಿಸಿಕೊಂಡಳು. ಚಿಕ್ಕವ್ವ ಅದನ್ನು ಮೊದಲ ದಿನವೇ ಕಂಡಿದ್ದಳು. ಕಂಡದ್ದನ್ನು ಹೇಳಿದರೆ ಅತ್ತೆಗೆ ಬೇಜಾರು ಎಂದು ಹೇಳದೆ, ದಿನಾ ಬೆಳಿಗ್ಗೆ ಹುತ್ತಕ್ಕೆ ಸಪ್ಪೆ ಅನ್ನ ಇಟ್ಟು ಬರುತ್ತಿದ್ದಳು. ಐದು ದಿನಕ್ಕೆ ಊತ ಇಳಿಯಿತು. ಎಣ್ಣೆಗೆ ಇಳಿಯಿತು ಎಂದಳು ಅಜ್ಜಿ. ನಾನು ಮತ್ತೆ ಬಾಯಿ ಮುಚ್ಚಿಕೊಂಡು ಮಳವಳ್ಳಿಗೆ ಹೋದೆ.

ವರ್ಷ ತುಂಬುವುದರೊಳಗೆ, ಯುದ್ಧ ಮುಗಿದ ಮೇಲೆ, ಚಿಕ್ಕವ್ವನ ಅಣ್ಣನ ಕಾಗದ ಬಂತು. ನಾನು ಸುದ್ದಿ ಕೇಳಿ ಇದ್ದಿಲ ಬಸ್ಸಿನಲ್ಲಿ ಮದ್ದೂರಿಗೆ ಬಂದು ಇಳಿದು ಊರಿಗೆ ನಡೆದೆ. ಜಪಾನಿನವರಿಗೆ ಹೆದರಿ ಊರಿಗೆ ಊರೇ ಬೆಟ್ಟ ಹತ್ತಿತ್ತಂತೆ. ಅಲ್ಲಿ ಜ್ವರ ಬಂದು, ಮೊದಲು ಅವಳ ತಾಯಿ, ಹದಿನೈದು ದಿನಕ್ಕೆ ಚಿಕ್ಕಪ್ಪ. ಜಪಾನಿನವರು ಬಂದ ಮೊದಲನೇ ವರ್ಷವೇ. ನನ್ನ ಹಸೆಗೆ ಮಣ್ಣು ತೆಗೆಯುವಾಗ ಅವನು ಸತ್ತು ಮೂರು ವರ್ಷವಾಗಿತ್ತು. ಮಳವಳ್ಳಿಯಲ್ಲಿ ಯಾರಾದರೂ ಈ ಲೆಕ್ಕ ತೆಗೆದರೆ ತಕ್ಕ ಉತ್ತರ ಕೊಡಬೇಕೆಂದು ನಾನು ತಯಾರಾಗಿದ್ದೆ. ಯಾರೂ ತೆಗೆಯಲಿಲ್ಲ, ಅದು ಅವರ ದೊಡ್ಡತನ.

ಊರಿನ ಹೆಂಗಸರು ನಡುಮನೆಯಲ್ಲಿ ಕೂಡಿದ್ದರು. ಚಿಕ್ಕವ್ವನನ್ನು ಹೊಳೆಗೆ ಕರೆದುಕೊಂಡು ಹೋಗಿ ಬಳೆ ಒಡೆದು, ಕುಂಕುಮ ಅಳಿಸಿ, ತಾಳಿ ತೆಗೆಸಬೇಕು. ಅಜ್ಜಿ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ನಿಮ್ಮ ಕಡೆ ಇದಕ್ಕೆ ಏನು ಮಾಡುತ್ತಾರೆ ಎಂದು ಕೇಳಿದಳು. ಒಂದು ವರ್ಷ ಕರಿಯ ಬಟ್ಟೆ ಉಡುತ್ತಾರೆ ಎಂದಳು ಚಿಕ್ಕವ್ವ. ಅಷ್ಟೇಯಾ ಎಂದಳು ಅಜ್ಜಿ. ಅಷ್ಟೇ. ಅಜ್ಜಿ ಸ್ವಲ್ಪ ಹೊತ್ತು ತನ್ನ ಬರಿಗೈ ನೋಡಿಕೊಂಡಳು. ಇಪ್ಪತ್ತು ವರ್ಷದಿಂದ ಬಳೆ ಕಾಣದ ಕೈ ಅದು. ಆಮೇಲೆ ಹೆಂಗಸರಿಗೆ, ನನ್ನ ಮಗ ಸತ್ತದ್ದು ಆ ದೇವರುಗಳ ಸೀಮೆಯಲ್ಲಿ, ಅಲ್ಲಿಯ ಕಟ್ಟಳೆಯೇ ಇವಳಿಗೆ, ನೀವು ಮನೆಗೆ ಹೋಗಿ ಎಂದಳು. ಅಪ್ಪ ಮದ್ದೂರಿನಿಂದ ಕರಿ ಸೀರೆ ತಂದ. ಕುಂಕುಮ ಇದ್ದ ಜಾಗದಲ್ಲೇ ಇತ್ತು.

ಹನ್ನೊಂದನೇ ದಿನ ವೈದ್ಯನಾಥಪುರದ ಹತ್ತಿರ ಶಿಂಷೆಯ ದಡದಲ್ಲಿ ಅಪ್ಪ ಪಿಂಡ ಇಟ್ಟ. ಎಲ್ಲ ಮುಗಿದು ಅವನು ಗುಡಿಯ ಕಡೆ ಹೋದ. ನಾವು ಮೂವರು ಹೆಂಗಸರು ಮೆಟ್ಟಿಲ ಮೇಲೆ ಕೂತಿದ್ದೆವು. ಅಜ್ಜಿ ಆ ಹನ್ನೊಂದು ದಿನವೂ ಅತ್ತಿರಲಿಲ್ಲ. ಎಲ್ಲರಿಗೂ ಅಡಿಗೆ ಮಾಡಿಸುತ್ತಾ, ಎಲ್ಲರನ್ನೂ ಬೈಯುತ್ತಾ ಇದ್ದುಬಿಟ್ಟಿದ್ದಳು. ಈಗ ನೀರು ನೋಡುತ್ತಾ, ನಿಮ್ಮಲ್ಲಿ ಸತ್ತವರನ್ನು ಕರೆದುಕೊಂಡು ಹೋಗುವವರು ಯಾರು ಎಂದು ಕೇಳಿದಳು.

ಚಿಕ್ಕವ್ವ ತಡೆದು ತಡೆದು ಹೇಳಿದಳು. ಮಗ್ವಾಯೆನ್ ಎಂಬ ದೇವತೆ. ಅವಳಿಗೆ ಒಂದು ದೋಣಿ ಇದೆ. ಸತ್ತವರು ದಡಕ್ಕೆ ಬಂದು ನಿಲ್ಲುತ್ತಾರೆ, ಅವಳು ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಆಚೆ ಬಿಡುತ್ತಾಳೆ. ಎಂಟು ವರ್ಷ ಅವರೆಕಾಯಿ ಬಿಡಿಸುತ್ತಾ ಅವಳು ನಮಗೆ ಎಷ್ಟು ದೇವರುಗಳ ಕಥೆ ಹೇಳಿದ್ದಳು, ಇವಳ ಹೆಸರನ್ನು ಮಾತ್ರ ನಾನು ಕೇಳಿದ್ದು ಅದೇ ಮೊದಲು. ಗಂಡ ಹೋದಂದಿನಿಂದ ಆ ಒಂದು ಹೆಸರು ನಾಲಿಗೆಗೆ ಬಾರದ ಹಾಗೆ ಅವಳು ಎಷ್ಟು ಜೋಪಾನ ಮಾಡಿದ್ದಳು ಎಂದು ನನಗೆ ಆಗ ತಿಳಿಯಿತು.

“ಅವ್ಳ್ ಬಾಸೆ ಅವ್ನಿಗ್ ಬತ್ತಿತ್ತಾ?” ಎಂದಳು ಅಜ್ಜಿ. “ದಡದ ಮ್ಯಾಲೆ ಪೆದ್ದನಂಗ್ ನಿಂತ್ಬುಟ್ರೆ?”

“ಬತ್ತಿತ್ತು ಕಣತ್ತೆ. ನಾನೇ ಕಲ್ಸಿದ್ದೆ.”

“ಮಕ್ಳವ್ರಾ ಅವ್ಳಿಗೆ?”

“ಒಬ್ಳು ಮಗ್ಳಿದ್ಳು. ಸತ್ತೋದ್ಳು.”

ಅಜ್ಜಿ ಕೆಳಗಿನ ಮೆಟ್ಟಿಲಿಗೆ ಬಾಗಿ ಒಂದು ಬೊಗಸೆ ನೀರು ಎತ್ತಿ ಮತ್ತೆ ಹೊಳೆಗೇ ಬಿಟ್ಟಳು.

“ಅಂಗಾರೆ ಬುಡು,” ಎಂದಳು. “ಮಗೀನ್ ಕಳ್ಕೊಂಡೋಳು. ನನ್ ಮಗುನ್ನ ಮೆತ್ಗೆ ಕೂರಿಸ್ಕೊಂಡ್ ಓಗಿರ್ತಾಳೆ.”

ಹಾಗೆಂದು ಅವಳು ಅಳತೊಡಗಿದಳು. ಚಿಕ್ಕವ್ವ ಅವಳ ತಲೆಯನ್ನು ತನ್ನ ಕರಿ ಸೀರೆಯ ಮಡಿಲಿಗೆ ಎಳೆದುಕೊಂಡಳು. ಅಪ್ಪ ಗುಡಿಯಿಂದ ಬಂದು, ಇವರನ್ನು ಕಂಡು, ಸದ್ದು ಮಾಡದೆ ಮೇಲಿನ ಮೆಟ್ಟಿಲಿನಲ್ಲಿ ಕೂತುಕೊಂಡ.